ಎಣಿಸಿದವರುಂಟು, ಕೇಳಿದವರುಂಟೇ?

ಹೊರನಾಡಿನ ಕನ್ನಡ ಮನೆಗಳಲ್ಲಿ ಒಂದು ಕಾಲಕ್ಕೆ ಮಗ ಮೆಟ್ರಿಕ್ ಪಾಸಾಗಿ, ಟೈಪಿಂಗ್ ಕಲಿತು, ಒಂದು ಕಛೇರಿ ಸೇರಿಕೊಂಡರೆ ಸಾಕೆಂಬ ಭಾವನೆಯಿತ್ತು. ಇಂದು ಅದೇ ಮನೆಗಳ ಮೊಮ್ಮಕ್ಕಳು ಪಿಎಚ್.ಡಿ.ಗೆ ಹೆಸರು ನೋಂದಾಯಿಸುತ್ತಿದ್ದಾರೆ. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಸಂಘದ ಸಮಾರಂಭಗಳಲ್ಲಿ ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಒಳ್ಳೆಯ ಮಾತನ್ನೂ ಆಡುತ್ತೇವೆ. ಆದರೆ 'ವಿಷಯ ಯಾವುದು?' ಎಂದು ಕೇಳುವ ನಾವು, 'ಆ ವಿಷಯಕ್ಕೆ ಹಣ ಕೊಟ್ಟವರು ಯಾರು, ಏತಕ್ಕಾಗಿ ಕೊಟ್ಟರು?' ಎಂದು ಕೇಳುವುದು ಕಡಿಮೆ. ಸಂಶೋಧನೆಯ ಪ್ರಶ್ನೆ ಸಂಶೋಧಕನ ತಲೆಯಲ್ಲಿ ಹುಟ್ಟುತ್ತದೆಂಬುದು ಅರ್ಧ ಸತ್ಯ. ಉಳಿದರ್ಧ ಹುಟ್ಟುವುದು ಧನಸಹಾಯದ ಅರ್ಜಿಯ ನಮೂನೆಯಲ್ಲಿ. ಯಾವ ಪ್ರಶ್ನೆಗೆ ಶಿಷ್ಯವೇತನ ಸಿಗುವುದಿಲ್ಲವೋ ಆ ಪ್ರಶ್ನೆಯನ್ನು ಹಿಡಿದು ಐದು ವರ್ಷ ಕಳೆಯುವ ಧೈರ್ಯ ಸಾಮಾನ್ಯ ಮನೆಯ ಮಕ್ಕಳಿಗೆ ಬರುವುದಾದರೂ ಹೇಗೆ?

ಈ ದೃಷ್ಟಿಯಿಂದ ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಅಂಗವೈಕಲ್ಯ ಮತ್ತು ಸಂತಾನದ ನಿರ್ಧಾರವೆಂಬ ಒಂದು ವಿಷಯವನ್ನು. ಅಂಗವೈಕಲ್ಯವುಳ್ಳವರು ಮಕ್ಕಳನ್ನು ಪಡೆಯಬೇಕೇ, ಬಸುರಿನಲ್ಲಿರುವ ಮಗುವಿಗೆ ವೈಕಲ್ಯವಿರಬಹುದೆಂದು ತಿಳಿದರೆ ಏನು ಮಾಡಬೇಕು, ಮೊದಲ ಮಗು ಹಾಗೆ ಹುಟ್ಟಿದ ಮೇಲೆ ಇನ್ನೊಂದು ಬೇಕೇ, ಇವನ್ನೆಲ್ಲ ಯಾರು, ಹೇಗೆ, ಯಾವ ತಿಳಿವಳಿಕೆಯ ಮೇಲೆ ನಿರ್ಧರಿಸುತ್ತಾರೆ? ಈ ಬಗ್ಗೆ ನಡೆದಿರುವ ಸಂಶೋಧನೆಯ ಗುಣದೋಷಗಳೇನು, ಹಣ ಹರಿದದ್ದು ಯಾವ ಕಡೆಗೆ ಎಂಬುದು ನಮ್ಮ ವಿಮರ್ಶೆಯ ವಸ್ತು.

ಇದು ನಮ್ಮ ಮನೆಗಳಿಗೆ ದೂರದ ವಿಷಯವೆಂದು ಯಾರೂ ಭಾವಿಸಬೇಕಾಗಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕಾಫಿ ಮುಗಿದ ಮೇಲೆ ಹಿರಿಯರೊಬ್ಬರು 'ಮನೆತನದಲ್ಲಿ ಯಾರಿಗಾದರೂ ಏನಾದರೂ...' ಎಂದು ಅರ್ಧಕ್ಕೆ ನಿಲ್ಲಿಸುವ ಪ್ರಶ್ನೆ ನಮಗೆಲ್ಲ ಗೊತ್ತಿದೆ. ಮಾತು ಬಾರದ ಅಣ್ಣನನ್ನು ಆ ದಿನದ ಮಟ್ಟಿಗೆ ಬೇರೆ ಮನೆಗೆ ಕಳಿಸಿದ ಸಂಸಾರಗಳೂ ಉಂಟು. ಊರಿನ ಸಂಬಂಧ ಕಡಿದುಹೋಗಬಾರದೆಂದು ಮಗಳನ್ನು ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಡುವ ರೂಢಿ ಮುಂಬಯಿ, ಪುಣೆಗಳಿಗೆ ಬಂದ ಮೇಲೂ ಬಹುಕಾಲ ನಡೆಯಿತು. ಹುಟ್ಟಿದ ಮಗು ನಡೆಯುವುದಕ್ಕೋ ಮಾತಾಡುವುದಕ್ಕೋ ತಡಮಾಡಿತೆಂದರೆ 'ಇದು ನಿಮ್ಮ ಕಡೆಯಿಂದ ಬಂದದ್ದು' ಎಂಬ ಮಾತು ಬೀಳುವುದು ಸೊಸೆಯ ಮೇಲೆ. ಮುಂದಿನ ಬಸುರಿನ ನಿರ್ಧಾರ ಅತ್ತೆಯ ನಿಟ್ಟುಸಿರು, ಗಂಡನ ಮೌನ, ಆಸ್ಪತ್ರೆಯಲ್ಲಿ ವೈದ್ಯರು ಕೊಡುವ ಹತ್ತು ನಿಮಿಷ, ಇಷ್ಟರ ನಡುವೆ ಆಗಿಹೋಗುತ್ತದೆ. ಹೀಗಾಗುವ ನಿರ್ಧಾರವನ್ನು ಯಾರಾದರೂ ಅಭ್ಯಾಸ ಮಾಡಿದ್ದಾರೆಯೇ ಎಂಬುದು ಕುತೂಹಲದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಉದಾಹರಣೆಗೆ ನಮ್ಮ ಮಲೆನಾಡಿಗೇ ಹೋಗೋಣ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. ೧೯೭೪-೭೫ರ ಹೊತ್ತಿಗೆ ಅಲ್ಲಿಯ ಕೆಲವು ಕುಟುಂಬಗಳಲ್ಲಿ ಸೊಂಟ, ಮೊಣಕಾಲಿನ ಕೀಲುಗಳು ಸವೆದು, ನೋವು ಹೆಚ್ಚಿ, ಜನ ನೆಟ್ಟಗೆ ನಡೆಯಲಾರದಂತಾದದ್ದು ಹೊರಜಗತ್ತಿನ ಗಮನಕ್ಕೆ ಬಂತು. ಕೆಲವರು ಎತ್ತರ ಬೆಳೆಯದೆ ಗಿಡ್ಡವಾಗಿಯೇ ಉಳಿದಿದ್ದರು. ಅಕ್ಕಪಕ್ಕದ ಹಳ್ಳಿಗಳಲ್ಲಿಯೂ, ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇಂಥವರು ಕಂಡುಬಂದರು. ಹೆಚ್ಚಿನವರು ಗದ್ದೆಯಲ್ಲಿ ಕೂಲಿ ಮಾಡುವ ದಲಿತ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈಸೇರಿ, ಆ ಏಡಿ ತಿಂದವರಿಗೆ ಈ ರೋಗ ಬಂತೆಂಬ ಮಾತು ಬಹಳ ಕಾಲ ಓಡಾಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿ, ೧೯೭೭ರಲ್ಲಿ ಇದನ್ನು 'ಮಲೆನಾಡಿನ ಕೌಟುಂಬಿಕ ಸಂಧಿವಾತ'ವೆಂದು ಕರೆದು ಪ್ರಬಂಧ ಬರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇದನ್ನು ಕೈಗೆತ್ತಿಕೊಂಡಿತು. ೧೯೯೪ರಲ್ಲಿ ಎಕ್ಸ್-ರೇ ಚಿತ್ರಗಳ ಆಧಾರದ ಮೇಲೆ, ಇದು ಬೆನ್ನುಮೂಳೆ ಮತ್ತು ಕೀಲುಗಳ ಬೆಳವಣಿಗೆಯಲ್ಲಿನ ದೋಷದ ಒಂದು ಹೊಸ ಬಗೆಯೆಂದು ಪ್ರಕಟವಾಯಿತು. ರೋಗ ವಂಶವಾಹಿಯ ಮೂಲಕ ಬರುತ್ತದೆ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಎಂಬ ತೀರ್ಮಾನಕ್ಕೆ ತಜ್ಞರು ಬಂದರು.

ಈ ಕೆಲಸವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಏಡಿಯ ಮೇಲೆ, ದೇವರ ಶಾಪದ ಮೇಲೆ ಹಾಕುತ್ತಿದ್ದ ಹೊರೆಯನ್ನು ಇಳಿಸಿ, ಕಾರಣ ಇಂಥದು ಎಂದು ತೋರಿಸಿಕೊಟ್ಟದ್ದು ದೊಡ್ಡ ಉಪಕಾರ. ಆದರೆ ವಿಮರ್ಶಕನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಎರಡು ಪ್ರಬಂಧಗಳ ವಸ್ತುವನ್ನೇ ನೋಡಿ: ಒಂದು ರೋಗದ ಹರಡುವಿಕೆಯನ್ನು ಕುರಿತದ್ದು, ಇನ್ನೊಂದು ಎಲುಬಿನ ಚಿತ್ರಗಳನ್ನು ಕುರಿತದ್ದು. 'ಅರ್ಧಕ್ಕರ್ಧ' ಎಂಬ ಅಂಕಿ ಪ್ರಬಂಧಕ್ಕೆ ಕೊನೆಯ ಮಾತು. ಹಂದಿಗೋಡಿನ ಗುಡಿಸಲಿಗಾದರೋ ಅದು ಮೊದಲ ಮಾತು. ಕೀಲುನೋವು ಕೆಲವರಲ್ಲಿ ಕಾಣಿಸಿಕೊಳ್ಳುವುದು ಪ್ರಾಯ ಬಂದ ಮೇಲೆ. ಹಾಗಿದ್ದರೆ ಇಪ್ಪತ್ತರ ಹುಡುಗಿ ಮದುವೆಗೆ ಮೊದಲು ತನ್ನ ಬಗ್ಗೆ ಏನೆಂದು ತಿಳಿಯಬೇಕು? ತಾಯಿಯ ನೋವನ್ನು ಎದುರಿಗೇ ನೋಡಿ ಬೆಳೆದವಳು ತನ್ನ ಮಗುವಿನ ಬಗ್ಗೆ ಏನು ಯೋಚಿಸುತ್ತಾಳೆ? ತಾಯಿ ಕುಂಟುತ್ತಲೇ ನಾಲ್ಕು ಮಕ್ಕಳನ್ನು ಸಾಕಿದ್ದಾಳೆಂಬುದು ಅವಳ ಕಣ್ಣಿಗೆ ಭಯವೋ, ಭರವಸೆಯೋ? ಕೂಲಿ ಸಿಗದಿದ್ದರೆ ನಡೆಯಬಲ್ಲವನ ಮಗುವೂ ಹಸಿದಿರುತ್ತದಲ್ಲ, ಹಾಗಾದರೆ ಆ ಮನೆಯವರು ಯಾವುದನ್ನು ಹೆಚ್ಚಿನ ಕಷ್ಟವೆನ್ನುತ್ತಾರೆ? ಇಂಥ ಪ್ರಶ್ನೆ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಕೂತು ಕೇಳಬೇಕು, ಮತ್ತೆ ಮತ್ತೆ ಹೋಗಿ ಕೇಳಬೇಕು.

ಎಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಇನ್ನೊಂದು ಸಂಶೋಧನೆಯ ಕಥೆಯೂ ಇಷ್ಟೇ. ೧೯೮೦ರಿಂದ ೧೯೮೯ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರ ಕೂಡಿಸಿ, ರಕ್ತಸಂಬಂಧದ ಮದುವೆಗಳೆಷ್ಟು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಅಂಥ ಮದುವೆಗಳೇ. ಸೋದರಮಾವನನ್ನು ಮದುವೆಯಾದವರೂ ಅದರಲ್ಲಿ ಬೇಕಾದಷ್ಟು. ಜಗತ್ತಿನ ತಳಿಶಾಸ್ತ್ರಜ್ಞರು ಇಂದಿಗೂ ಕರ್ನಾಟಕದ ಹೆಸರೆತ್ತುವುದು ಈ ಲೆಕ್ಕದಿಂದಾಗಿ. ಅಚ್ಚುಕಟ್ಟಾದ, ಶ್ರಮದ ಕೆಲಸ. ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿನಲ್ಲಿ ಕೂಡಿಕೊಂಡಾಗ ಕೆಲವು ಕಾಯಿಲೆಗಳು ಬರುತ್ತವೆ, ಒಂದೇ ಮನೆತನದವರು ಮದುವೆಯಾದಾಗ ಆ ಸಂಭವ ಹೆಚ್ಚು ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 'ಮಾವನಿಗೇ ಕೊಡಬೇಕು' ಎಂದು ಹಟ ಹಿಡಿದ ಅಜ್ಜಿಯ ಲೆಕ್ಕಾಚಾರ ಬೇರೆ. ಪರಿಚಯದ ಮನೆ, ವರದಕ್ಷಿಣೆಯ ಕಾಟವಿಲ್ಲ, ಮಗಳಿಗೆ ನೋವಾದರೆ ಕೇಳುವವರಿದ್ದಾರೆ ಎಂಬುದು ಅವಳ ಲೆಕ್ಕ. ಈ ಎರಡು ಲೆಕ್ಕಗಳು ಒಂದೇ ಮನೆಯಲ್ಲಿ ಎದುರಾದಾಗ ಏನಾಗುತ್ತದೆಂಬುದನ್ನು ಅಂಕಿಗಳಷ್ಟೇ ಹೇಳಲಾರವು.

ಹೀಗೇಕಾಯಿತು? ಹಣ ಕೊಡುವವರು ಅಂಗವೈಕಲ್ಯವನ್ನು ತಡೆಯಬೇಕಾದ ಒಂದು ಹಾನಿಯೆಂದು ಮಾತ್ರ ಕಂಡಾಗ, ಎಷ್ಟು ಜನ, ಏಕೆ, ತಡೆಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಮಾತ್ರ ಬೆಲೆ ಬರುತ್ತದೆ. ಅಂಗವೈಕಲ್ಯವುಳ್ಳ ಮನುಷ್ಯ ಎಣಿಕೆಯ ಪಟ್ಟಿಯಲ್ಲಿ ಒಂದು ಗೆರೆಯಾಗುತ್ತಾನೆ. ಅವನೂ ಅವಳೂ ಯೋಚಿಸಿ ನಿರ್ಧರಿಸುವವರೆಂಬುದು ನಮೂನೆಯ ಯಾವ ಕಲಂನಲ್ಲೂ ಹಿಡಿಸುವುದಿಲ್ಲ.

ಬೇರೆ ರೀತಿಯ ಸಂಶೋಧನೆ ಸಾಧ್ಯವೇ ಎಂದು ಕೇಳುವವರಿಗೆ ಒಂದು ಪುಸ್ತಕವನ್ನು ತೋರಿಸಬಹುದು. ಅಮೆರಿಕದ ಮಾನವಶಾಸ್ತ್ರಜ್ಞೆ ರೇನಾ ರ‍್ಯಾಪ್ ಅವರ 'ಟೆಸ್ಟಿಂಗ್ ವಿಮೆನ್, ಟೆಸ್ಟಿಂಗ್ ದ ಫೀಟಸ್' ೧೯೯೯ರಲ್ಲಿ ಹೊರಬಂತು. ರ‍್ಯಾಪ್ ೧೯೮೩ರಲ್ಲಿ ಸ್ವತಃ ಬಸುರಿಯಾಗಿದ್ದಾಗ ಗರ್ಭಜಲ ಪರೀಕ್ಷೆ ಮಾಡಿಸಿಕೊಂಡರು. ಮಗುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿದು ಗರ್ಭಪಾತ ಮಾಡಿಸಿಕೊಂಡರು. ಆ ನೋವಿನಿಂದ ಹುಟ್ಟಿದ ಪ್ರಶ್ನೆಯನ್ನು ಹಿಡಿದು ನ್ಯೂಯಾರ್ಕ್ ನಗರದಲ್ಲಿ ವರ್ಷಾನುಗಟ್ಟಲೆ ಕ್ಷೇತ್ರಕಾರ್ಯ ಮಾಡಿದರು. ಸಲಹೆಗಾರರ ಕೋಣೆಯಲ್ಲಿ ಕೂತರು, ಪ್ರಯೋಗಾಲಯದ ಕೆಲಸ ನೋಡಿದರು. ಪರೀಕ್ಷೆಗೆ ಒಪ್ಪಿದವರನ್ನೂ ಒಲ್ಲೆನೆಂದವರನ್ನೂ ಮಾತಾಡಿಸಿದರು. ಕೆಟ್ಟ ಸುದ್ದಿ ಕೇಳಿ ಬಸುರನ್ನು ಇಳಿಸಿಕೊಂಡವರ ಮಾತು ಕೇಳಿದಂತೆಯೇ, ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಯರ ಮಾತನ್ನೂ ಕೇಳಿದರು. ಬಡವರು, ಸಿರಿವಂತರು, ಕರಿಯರು, ಬಿಳಿಯರು, ಹೊರದೇಶಗಳಿಂದ ವಲಸೆ ಬಂದವರು ಎಲ್ಲರೂ ಅದರಲ್ಲಿದ್ದಾರೆ.

ಈ ಪುಸ್ತಕದ ಹೆಚ್ಚುಗಾರಿಕೆ ಇರುವುದು ತೀರ್ಪು ಕೊಡುವುದರಲ್ಲಲ್ಲ. ಪರೀಕ್ಷೆ ಒಳ್ಳೆಯದೆಂದೂ ಅದು ಹೇಳುವುದಿಲ್ಲ, ಕೆಟ್ಟದೆಂದೂ ಹೇಳುವುದಿಲ್ಲ. ವೈದ್ಯರು ಕೊಡುವ ಒಂದೇ ಅಂಕಿ ಬೇರೆ ಬೇರೆ ಬದುಕಿನಲ್ಲಿ ಬೇರೆ ಬೇರೆ ಅರ್ಥ ಪಡೆಯುತ್ತದೆ ಎಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಹಿಂದೆ ಯಾರೂ ನಡೆಯದ ಹಾದಿಯಲ್ಲಿ ಈ ಹೆಂಗಸರು ಮೊದಲಿಗರಾಗಿ ನಡೆದು, ಯಾವ ಮಗು ಮನುಷ್ಯಕುಲಕ್ಕೆ ಬರಬೇಕೆಂಬ ಧರ್ಮಸಂಕಟವನ್ನು ಒಬ್ಬೊಬ್ಬರೇ ಹೊರುತ್ತಿದ್ದಾರೆ ಎಂಬುದು ರ‍್ಯಾಪ್ ಅವರ ಮುಖ್ಯ ಮಾತು. ತಜ್ಞರ ಜ್ಞಾನಕ್ಕೆ ಎಷ್ಟು ಗೌರವವೋ, ಸಾಕಿದ ತಾಯಿಯ ಅನುಭವಕ್ಕೂ ಅಷ್ಟೇ ಗೌರವ ಕೊಟ್ಟಿರುವುದು ಈ ಕೃತಿಯ ನ್ಯಾಯನಿಷ್ಠೆ.

ಹಾಗೆಂದು ಅದನ್ನು ನಮ್ಮ ದೇಶಕ್ಕೆ ಯಥಾವತ್ತಾಗಿ ಅಂಟಿಸಿದರೆ ನಡೆಯದು. ಅಲ್ಲಿ ಸಲಹೆಗಾರರ ಮುಂದೆ ಕೂರುವವಳು ಮುಖ್ಯವಾಗಿ ಬಸುರಿ ಹೆಂಗಸು. ಇಲ್ಲಿ ಅವಳ ಪರವಾಗಿ ಮಾತಾಡುವವರು ನಾಲ್ಕು ಜನ; ನಿರ್ಧಾರ ಬಸುರಿಗೂ ಮೊದಲೇ, ಸಂಬಂಧ ಕುದುರಿಸುವಾಗಲೇ ಆರಂಭವಾಗಿರುತ್ತದೆ. ಇನ್ನೊಂದು ತೊಡಕೂ ಇದೆ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು ಮಹಾರಾಷ್ಟ್ರ ೧೯೮೮ರಲ್ಲಿ, ಕೇಂದ್ರ ೧೯೯೪ರಲ್ಲಿ ಕಾನೂನು ಮಾಡಿದಾಗ, ಲಿಂಗ ತಿಳಿಯುವ ಪರೀಕ್ಷೆ ಅಪರಾಧವಾಯಿತು, ವೈಕಲ್ಯ ತಿಳಿಯುವ ಪರೀಕ್ಷೆ ನ್ಯಾಯಸಮ್ಮತವಾಗಿ ಉಳಿಯಿತು. ಹೆಣ್ಣೆಂಬ ಕಾರಣಕ್ಕೆ ಬಸುರನ್ನು ಇಳಿಸುವುದು ಅನ್ಯಾಯವಾದರೆ, ವೈಕಲ್ಯದ ಕಾರಣಕ್ಕೆ ಇಳಿಸುವುದು ಪ್ರಶ್ನೆಗೇ ಒಳಪಡದ ವಿಷಯವಾದದ್ದು ಹೇಗೆ? ದೆಹಲಿಯ ವಿದುಷಿ, ಸ್ವತಃ ಪೋಲಿಯೋಗೆ ತುತ್ತಾಗಿದ್ದ ಅನಿತಾ ಘಾಯ್ ಅವರು ಈ ಪ್ರಶ್ನೆಯನ್ನು ನಮ್ಮ ಸ್ತ್ರೀವಾದಿಗಳ ಮುಂದೆ ನೇರವಾಗಿ ಇಟ್ಟರು. ಗೆರೆ ಎಲ್ಲಿ ಎಳೆಯಬೇಕೆಂದು ಕೇಳುವ ಅವರ ಮತ್ತು ರಚನಾ ಜೋಹ್ರಿಯವರ ಪ್ರಬಂಧ ೨೦೦೮ರಲ್ಲಿ ಬಂತು. ಗರ್ಭಪಾತದ ಹಕ್ಕನ್ನು ಕಸಿಯದೆಯೂ ಈ ಪ್ರಶ್ನೆ ಕೇಳಬಹುದೆಂಬುದು ಅವರ ಬರವಣಿಗೆಯ ಬೆಲೆ. ಇಂಥದು ಕನ್ನಡದಲ್ಲಿ, ಕನ್ನಡ ಮನೆಗಳ ಮಾತಿನಲ್ಲಿ ಬರಬೇಕಾಗಿದೆ.

ವಿದ್ವಾಂಸರು ಹಿಂದೆ ಬಿದ್ದಲ್ಲಿ ನ್ಯಾಯಾಲಯಗಳು ಮುಂದೆ ಹೋಗಬೇಕಾಯಿತು. ೧೯೯೪ರ ಫೆಬ್ರವರಿಯಲ್ಲಿ ಪುಣೆಯ ಬಳಿಯ ಶಿರೂರಿನ ಸರ್ಕಾರಿ ವಸತಿಗೃಹದ, ಬುದ್ಧಿಮಾಂದ್ಯವುಳ್ಳ ಹತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶ ತೆಗೆದುಹಾಕಿದ್ದು ಹಳೆಯ ಪುಣೆ ವಾಚಕರಿಗೆ ನೆನಪಿರಬಹುದು. ಮುಟ್ಟಿನ ಸಮಯದ ಶುಚಿತ್ವವನ್ನು ಕಾರಣವಾಗಿ ಹೇಳಲಾಯಿತು. ಆ ಹುಡುಗಿಯರನ್ನು ಕೇಳಿದವರಿಲ್ಲ. ಮಹಿಳಾ ಸಂಘಟನೆಗಳ ಪ್ರತಿಭಟನೆಯ ನಂತರವಷ್ಟೇ ಉಳಿದವರ ಶಸ್ತ್ರಚಿಕಿತ್ಸೆ ನಿಂತಿತು. ೨೦೦೯ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಬಸುರಿಯಾದ, ಅಲ್ಪ ಬುದ್ಧಿಮಾಂದ್ಯವಿದ್ದ ಅನಾಥ ಯುವತಿಯೊಬ್ಬಳು ಮಗು ಬೇಕೆಂದಳು. ಹೈಕೋರ್ಟು ಗರ್ಭಪಾತಕ್ಕೆ ಆದೇಶ ಕೊಟ್ಟಿತು. ಸುಪ್ರೀಂ ಕೋರ್ಟು ಅದನ್ನು ತಡೆದು, ವಯಸ್ಕಳಾದ ಅವಳ ಒಪ್ಪಿಗೆಯಿಲ್ಲದೆ ಗರ್ಭಪಾತ ಕೂಡದು, ಸಂತಾನದ ಆಯ್ಕೆ ಸಂವಿಧಾನದ ೨೧ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತಿತು. ಅದೇ ವರ್ಷದ ಕೊನೆಗೆ ಅವಳು ಹೆಣ್ಣುಮಗುವನ್ನು ಹೆತ್ತಳು.

೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಂತಾನದ ಬಗ್ಗೆ ಸರಿಯಾದ ತಿಳಿವಳಿಕೆ ಅಂಗವಿಕಲರಿಗೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆಯೆಂದೂ, ಅವರ ಸ್ವತಂತ್ರ ಒಪ್ಪಿಗೆಯಿಲ್ಲದೆ ಸಂತಾನಹೀನರನ್ನಾಗಿ ಮಾಡುವ ಚಿಕಿತ್ಸೆ ಸಲ್ಲದೆಂದೂ ಅದರ ೧೦ನೆಯ ಕಲಂ ಹೇಳುತ್ತದೆ. ಆದರೆ ಅದೇ ಕಾಯಿದೆಯ ೯೨ನೆಯ ಕಲಂನಲ್ಲಿ ಒಂದು ಕಿಂಡಿಯಿದೆ. ವೈಕಲ್ಯ 'ತೀವ್ರ'ವಾಗಿದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆಯ ಮೇಲೆ, ಹೆಂಗಸಿನ ಒಪ್ಪಿಗೆಯಿಲ್ಲದೆಯೂ ಗರ್ಭಪಾತ ಮಾಡಬಹುದು. ತೀವ್ರವೆಂದರೆ ಎಷ್ಟು? ಮಾತಾಡಲಾರದವಳು ಕೈಸನ್ನೆಯಲ್ಲಿ, ಮುಖಭಾವದಲ್ಲಿ 'ಬೇಡ' ಎಂದರೆ ಅದನ್ನು ಓದುವವರಾರು? ಪೋಷಕರಾದ ಮುದಿ ತಂದೆತಾಯಿಯರು ಯಾವ ಭಯದಿಂದ ಸಹಿ ಹಾಕುತ್ತಾರೆ, 'ನಮ್ಮ ನಂತರ ಇವಳ ಗತಿಯೇನು' ಎಂಬ ಅವರ ಪ್ರಶ್ನೆಗೆ ಸಮಾಜದ ಉತ್ತರವೇನು? ಕಾನೂನು ಬರೆದವರ ಮುಂದೆಯೂ, ನ್ಯಾಯಪೀಠದ ಮುಂದೆಯೂ ಇಂಥ ಪ್ರಶ್ನೆಗಳಿಗೆ ಆಧಾರವಾಗಿ ಒದಗಬೇಕಾದದ್ದು ಒಳ್ಳೆಯ ಸಂಶೋಧನೆ.

ಈಗ ಹಣದ ಮಾತಿಗೆ ಬರೋಣ. ಅಂಗವಿಕಲ ವಿದ್ಯಾರ್ಥಿಗಳು ಎಂ.ಫಿಲ್., ಪಿಎಚ್.ಡಿ. ಮಾಡಲೆಂದು ಕೇಂದ್ರ ಸರ್ಕಾರ ೨೦೧೨ರಲ್ಲಿ ವರ್ಷಕ್ಕೆ ೨೦೦ ಮಂದಿಗೆ ಸಿಗುವಂತೆ ಒಂದು ರಾಷ್ಟ್ರೀಯ ಶಿಷ್ಯವೇತನ ಆರಂಭಿಸಿತು. ಸ್ವಾಗತಾರ್ಹ. ಆದರೆ ಅದು ವಿದ್ಯಾರ್ಥಿಗೆ ಕೊಟ್ಟ ಸ್ಥಾನ, ವಿಷಯಕ್ಕೆ ಕೊಟ್ಟದ್ದಲ್ಲ. ಅಂಧ ವಿದ್ಯಾರ್ಥಿನಿ ಅದನ್ನು ಪಡೆದು ಅರ್ಥಶಾಸ್ತ್ರವನ್ನೋ ಭಾಷಾಶಾಸ್ತ್ರವನ್ನೋ ಓದಬಹುದು, ಓದಲೂ ಬೇಕು. ಅಂಗವೈಕಲ್ಯದ ಬಗ್ಗೆಯೇ ಸಂಶೋಧನೆ ಮಾಡುವ ಹೊಣೆಯನ್ನು ಅವಳ ಹೆಗಲಿಗೆ ಹೊರಿಸುವುದು ಇನ್ನೊಂದು ಅನ್ಯಾಯ. ಇನ್ನು ಸಾಮಾನ್ಯ ಕಿರಿಯ ಸಂಶೋಧನಾ ಶಿಷ್ಯವೇತನ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಯಾಯಿತು. ಅದು ಸಂಶೋಧಕನ ಊಟ, ಬಾಡಿಗೆಗೆ ಆಗುವಂಥದು. ಕಿವಿ ಕೇಳದವರನ್ನು ಮಾತಾಡಿಸಲು ಸಂಜ್ಞಾಭಾಷೆ ಬಲ್ಲ ದುಭಾಷಿ ಬೇಕು. ಗಾಲಿಕುರ್ಚಿಯಲ್ಲಿರುವವರನ್ನು ಕರೆತರಲು ವಾಹನ ಬೇಕು. ಬುದ್ಧಿಮಾಂದ್ಯವುಳ್ಳವರಿಗೆ ಅರ್ಥವಾಗುವಂತೆ ಒಪ್ಪಿಗೆ ಪತ್ರವನ್ನು ಸರಳವಾಗಿ, ಚಿತ್ರಗಳೊಂದಿಗೆ ಬರೆಯಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬೇಕು. ಇಂಥ ಮಾತು ಮೊದಲ ಭೇಟಿಯಲ್ಲಿ ಯಾರೂ ಹೊರಗೆಡಹುವುದಿಲ್ಲ. ಮೂರನೆಯ ಸಲ ಹೋದಾಗ, ಅತ್ತೆ ಹೊರಗೆ ಹೋದ ಹೊತ್ತಿನಲ್ಲಿ ಬರುತ್ತದೆ. ಈ ಖರ್ಚುಗಳಿಗೆ ಪ್ರತ್ಯೇಕ ಹಣವಿಲ್ಲದಿದ್ದರೆ ಸಂಶೋಧಕ ಪ್ರಶ್ನಾವಳಿ ಹಂಚಿ, ಗುರುತು ಹಾಕಿಸಿಕೊಂಡು, ಮತ್ತೆ ಎಣಿಕೆಗೇ ಹಿಂತಿರುಗುತ್ತಾನೆ.

'ರೋಗಕ್ಕೇ ಔಷಧವಿಲ್ಲದಿರುವಾಗ ಮಾತು ಕೇಳುವುದಕ್ಕೆ ಹಣವೇ?' ಎಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆ ಸುಳ್ಳೆನ್ನಲಾರೆವು. ಆದರೆ ಔಷಧದ ಹಣವನ್ನು ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ೧೯೯೦ರಲ್ಲಿ ಅಮೆರಿಕ ಮಾನವ ವಂಶವಾಹಿ ಯೋಜನೆಯನ್ನು ಆರಂಭಿಸಿದಾಗ, ಅದರ ಹಣದಲ್ಲಿ ಶೇಕಡಾ ೩ರಿಂದ ೫ರಷ್ಟನ್ನು ನೈತಿಕ, ಕಾನೂನು ಮತ್ತು ಸಾಮಾಜಿಕ ಪ್ರಶ್ನೆಗಳ ಅಧ್ಯಯನಕ್ಕೆಂದೇ ತೆಗೆದಿರಿಸಿತು. ನಮ್ಮಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ೨೦೧೯ರಲ್ಲಿ 'ಉಮ್ಮೀದ್' ಎಂಬ ಯೋಜನೆ ತೆಗೆದು, ಆನುವಂಶಿಕ ಕಾಯಿಲೆಗಳ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕೇಂದ್ರಗಳನ್ನು ಏರ್ಪಡಿಸಿತು. ಹಿಂದುಳಿದ ಕೆಲವು ಜಿಲ್ಲೆಗಳ ಬಸುರಿಯರ, ಹಸುಗೂಸುಗಳ ರಕ್ತಪರೀಕ್ಷೆಯೂ ಅದರ ಭಾಗ. ಒಳ್ಳೆಯ ಕೆಲಸವೇ. ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಸಂಜೆ ಆ ಬಸುರಿಯ ಮನೆಯಲ್ಲಿ ಏನಾಗುತ್ತದೆಂದು ತಿಳಿಯದೆ ಪರೀಕ್ಷೆಗಳನ್ನು ಹೆಚ್ಚಿಸುತ್ತ ಹೋದರೆ, ತಿಳಿವಳಿಕೆ ಕೊಟ್ಟೆವೆಂದು ಹೇಳಿಕೊಂಡು ಭಯವನ್ನು ಮಾತ್ರ ಹಂಚಿದಂತಾದೀತು. ಇಂಥ ಪ್ರತಿ ಯೋಜನೆಯ ಹಣದಲ್ಲಿ ನೂರಕ್ಕೆ ಮೂರು ರೂಪಾಯಿ ಈ ಪ್ರಶ್ನೆಗೆ ಮೀಸಲಾಗಲಿ, ಅದರಿಂದ ಪಿಎಚ್.ಡಿ. ಶಿಷ್ಯವೇತನಗಳು ಹುಟ್ಟಲಿ, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಅಂಗವೈಕಲ್ಯವುಳ್ಳವರೂ ಕೂರಲಿ ಎಂಬುದು ನಮ್ಮ ಬೇಡಿಕೆ.

ಸರ್ಕಾರದ ಕೆಲಸ ಸರ್ಕಾರಕ್ಕೆ. ಹೊರನಾಡಿನ ಸಂಘಗಳು ಮಾಡಬಹುದಾದದ್ದೂ ಇದೆ. ನಮ್ಮ ಸಂಘಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಕೊಡುತ್ತಿವೆ. ಅಂಕಪಟ್ಟಿಯೊಂದನ್ನೇ ನೋಡದೆ, ಇಂಥ ವಿಷಯ ಹಿಡಿದ ಒಬ್ಬ ವಿದ್ಯಾರ್ಥಿನಿಯ ದುಭಾಷಿಯ ಖರ್ಚನ್ನೋ, ಊರಿಗೆ ನಾಲ್ಕು ಸಲ ಹೋಗಿಬರುವ ರೈಲಿನ ಖರ್ಚನ್ನೋ ಅವು ವಹಿಸಿಕೊಳ್ಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ಆಡಿ ಬೆಳೆದ ನಮ್ಮ ಮಕ್ಕಳು ಎರಡು ಭಾಷೆಗಳ ಮನೆಗಳಿಗೆ ಹೋಗಬಲ್ಲವರು. ಇದು ಅವರಿಗೆ ಪುಸ್ತಕದಿಂದ ಬಾರದ ಅರ್ಹತೆ. ಅವರು ಬಂದು ಬಾಗಿಲು ತಟ್ಟಿದ ದಿನ, ಒಳಕೋಣೆಯಲ್ಲಿರುವ ಮಗನನ್ನೋ ಮಗಳನ್ನೋ ಹೊರಗೆ ಕರೆದು ಕೂರಿಸಿ, ಮೊದಲು ಅವರೇ ಮಾತಾಡಲಿ ಎಂದು ಬಿಟ್ಟುಕೊಡುವುದು ಹಿರಿಯರಾದ ನಮ್ಮ ಪಾಲಿನ ಕೆಲಸ.